ಮನಸ್ಸು ಬದಲಿಸಿದ ಸಂತ ಜೋಸೆಫರು



ಮಾರ್ಚ್ 19 ಸಂತ ಜೋಸೆಫರ ಹಬ್ಬ. ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಅದು ಮೆಣಸಿನಕಾಯಿ ಮಾರಾಟದ ಕಾಲಕ್ಕೇ ಬರುತ್ತದೆ. ಬಲಿಪೂಜೆ ಮುಗಿಸಿ ಹೊರಬಂದರೆ ಮೊದಲ ಮಾತೇ 'ರೇಟ್ ಎಷ್ಟಾತ್ರೀ?'

2024ರ ಮಾರ್ಚ್ 11ನ್ನು ನಾವು ಮರೆತಿಲ್ಲ. ದರ ಕುಸಿಯಿತೆಂದು ಸಿಟ್ಟಿಗೆದ್ದ ಗುಂಪು ಬ್ಯಾಡಗಿಯ ಎ.ಪಿ.ಎಂ.ಸಿ. ಕಚೇರಿಗೆ ನುಗ್ಗಿತು, ವಾಹನಗಳಿಗೆ ಬೆಂಕಿಯಿಟ್ಟಿತು. ರೈತರ ನಷ್ಟ ಸುಳ್ಳಲ್ಲ. ಸಾಲ ಮಾಡಿ ಬೆಳೆದವರ ಸಂಕಟಕ್ಕೆ ಪ್ರಸಂಗಪೀಠದಿಂದ ಬುದ್ಧಿ ಹೇಳುವುದು ಸುಲಭ. ಆದರೂ ದರದ ವಿಷಯದಲ್ಲಿ ನಾವೆಲ್ಲ ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಹೋದ ವರ್ಷ ಸಿಕ್ಕ ಒಳ್ಳೆಯ ದರ ಮನಸ್ಸಿನಲ್ಲಿ ಗೂಟ ಹೊಡೆದಂತೆ ನಿಂತುಬಿಡುತ್ತದೆ. ಈ ವರ್ಷವೂ ಅಷ್ಟೇ ಬರುತ್ತದೆಂದು ಇನ್ನೆರಡು ಎಕರೆ ಹೆಚ್ಚಿಗೆ ಹಾಕುತ್ತೇವೆ. ಬಳ್ಳಾರಿ, ರಾಯಚೂರು, ಆಂಧ್ರದ ರೈತನೂ ಅದೇ ದರ ನೋಡಿಯೇ ಹಾಕುತ್ತಿದ್ದಾನೆ, ಅವನ ಮಾಲೂ ಇದೇ ಬ್ಯಾಡಗಿಗೆ ಬರುತ್ತದೆ ಎಂಬುದು ಹೊಳೆಯುವುದಿಲ್ಲ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ನಿಜ. ಆದರೆ ಹೆಸರು ದರವನ್ನು ಹಿಡಿದು ನಿಲ್ಲಿಸದು.

ದರ ಇಳಿದ ಮೇಲೂ ಹಳೆಯ ಅಂಕಿ ನಮ್ಮನ್ನು ಬಿಡುವುದಿಲ್ಲ. 'ಅಷ್ಟಕ್ಕ ಬರೋತನಕ ಮಾರಂಗಿಲ್ಲ' ಎಂದು ಕೋಲ್ಡ್ ಸ್ಟೋರೇಜಿಗೆ ಹಾಕುತ್ತೇವೆ. ಅಲ್ಲಿಯ ಬಾಡಿಗೆ, ಇಲ್ಲಿಯ ಬಡ್ಡಿ ಎರಡೂ ಬೆಳೆಯುತ್ತವೆ. ಆಗ ಕೇಳಿಕೊಳ್ಳಬೇಕಾದದ್ದು ಇಷ್ಟೇ: ನಮ್ಮ ಕೈಯಲ್ಲಿ ಮಾಲಿನ ಬದಲು ರೊಕ್ಕ ಇದ್ದಿದ್ದರೆ, ಇವತ್ತಿನ ದರಕ್ಕೆ ಇದೇ ಮಾಲನ್ನು ಕೊಂಡು ಇಡುತ್ತಿದ್ದೆವೇ? ರಾಣೆಬೆನ್ನೂರಿನ ಕಡೆ ಬೋರ್‌ವೆಲ್ ಕೊರೆಸುವಾಗಲೂ ಇದೇ ಕಥೆ. 600 ಅಡಿಗೂ ನೀರಿಲ್ಲ. 'ಇಷ್ಟು ಖರ್ಚಾಗೇತಿ, ಇನ್ನೊಂದು ನೂರಡಿ ನೋಡೂಣು' ಎನ್ನುತ್ತೇವೆ. ಖರ್ಚಾದ ರೊಕ್ಕ ನೀರು ತೋರಿಸುವುದಿಲ್ಲ.

ಜೋಸೆಫರ ಸಂಕಟ ಇದಕ್ಕಿಂತ ದೊಡ್ಡದು. ತಮಗೆ ನಿಶ್ಚಯವಾಗಿದ್ದ ಮರಿಯಮ್ಮನವರು ಗರ್ಭಿಣಿ ಎಂದು ತಿಳಿಯಿತು. ಆಗ ಅವರ ಮನಸ್ಸಿನಲ್ಲಿ ಏನಿತ್ತು ಎಂಬ ಬಗ್ಗೆ ಧರ್ಮಸಭೆಯ ಪಿತೃಗಳಲ್ಲೇ ಭಿನ್ನಾಭಿಪ್ರಾಯವಿದೆ, ಅದಿರಲಿ. ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ನಾವು ಗಮನಿಸಬೇಕಾದದ್ದು ಬೇರೆ. ಅವರು ಗುಟ್ಟಾಗಿ ಸಂಬಂಧ ಬಿಡಲು ನಿರ್ಧರಿಸಿದರು, ಊರ ಮುಂದೆ ಸಾರಲಿಲ್ಲ. ಹಿಂದಿರುಗುವ ದಾರಿ ಉಳಿಯಿತು. ನಿರ್ಧರಿಸಿದ ಮೇಲೂ ಆಲೋಚನೆ ನಿಲ್ಲಿಸಲಿಲ್ಲ. ಅಂಥ ಹೊತ್ತಿನಲ್ಲೇ ದೇವದೂತನು ಕನಸಿನಲ್ಲಿ ಬಂದದ್ದು. ಎದ್ದವರೇ ಮರಿಯಮ್ಮನವರನ್ನು ಮನೆಗೆ ಕರೆತಂದರು. ನಾವಾದರೋ ನಾಲ್ಕು ಜನರ ಮುಂದೆ ಆಡಿದ ಮಾತು ತಪ್ಪೆಂದು ಗೊತ್ತಾದರೂ ಹಿಂದೆಗೆಯುವುದಿಲ್ಲ.

ಮುಂದಿನ ಹಂಗಾಮಿಗೆ ಬೀಜ ಕೊಳ್ಳಲು ಹಾವೇರಿಗೆ ಹೊರಡುವ ಮುನ್ನ, 'ಬ್ಯಾಡ್ರಿ' ಎನ್ನುವ ಒಬ್ಬರನ್ನಾದರೂ ಕೇಳೋಣ. ಅವರನ್ನು ಹುಡುಕಲು ದೂರ ಹೋಗಬೇಕಿಲ್ಲ. ದರ ಅರ್ಧಕ್ಕಿಳಿದರೆ ಸಂಘದ ಕಂತು ಹೆಂಗ ಕಟ್ಟೋದು ಎಂದು ಮೊದಲು ಕೇಳುವವರು ಬಹಳ ಮನೆಗಳಲ್ಲಿ ಒಲೆಯ ಮುಂದೆಯೇ ಇರುತ್ತಾರೆ.