ಉದರದ ಕಲೆಯೂ ಸ್ತನಸಂಧಾನವೂ

ಛಿನ್ನವಾದ ಮೂಗನ್ನು ಕೆನ್ನೆಯ ಚರ್ಮದಿಂದ ಸಂಧಾನಮಾಡುವ ವಿಧಿಯು ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿದೆ. ಆ ಚರ್ಮಖಂಡವು ‘ಬದ್ಧ’ವಾಗಿರಬೇಕೆಂಬುದಕ್ಕೆ, ಮೂಲದಲ್ಲಿ ಅಂಟಿಕೊಂಡೇ ಇರಬೇಕೆಂದು ಅರ್ಥಮಾಡುವರು. ಮೂಲವಳಿದರೆ ಮಾಂಸವು ಬದುಕದಷ್ಟೆ. ಅರ್ಬುದರೋಗದಿಂದ ಸ್ತನವನ್ನು ಕಳೆದುಕೊಂಡವರಿಗೆ ಹೊಟ್ಟೆಯ ಚರ್ಮಮೇದಸ್ಸುಗಳಿಂದ ಸ್ತನವನ್ನು ಪುನಃ ರಚಿಸುವ ಇಂದಿನ ಶಸ್ತ್ರವಿದ್ಯೆಗೂ ಈ ವಿಚಾರವೇ ಮುಖ್ಯವಾದುದು. 1982ರಲ್ಲಿ ಅಮೆರಿಕದ ಹಾರ್ಟ್‌ರಂಫ್ ಮೊದಲಾದವರು ಪ್ರಕಟಿಸಿದ ಕ್ರಮದಲ್ಲಿ ಆ ಖಂಡವು ಹೊಟ್ಟೆಯ ಮಾಂಸಪೇಶಿಯೊಡನೆ ಮೇಲಣ ರಕ್ತನಾಳದಿಂದ ಜೀವಿಸುತ್ತದೆ. 1994ರಲ್ಲಿ ಆಲೆನ್ ಮತ್ತು ಟ್ರೀಸ್ ಎಂಬವರು ವಿವರಿಸಿದ ಕ್ರಮದಲ್ಲಿ ಪೇಶಿಯನ್ನುಳಿಸಿ, ಕೆಳಗಣ ನಾಳವನ್ನು ಬಿಡಿಸಿ ಎದೆಯ ನಾಳಕ್ಕೆ ಹೊಲಿಯುವರು.

ಹಾಗಾದರೆ, ಹಿಂದೆಯೇ ಉದರಶಸ್ತ್ರಚಿಕಿತ್ಸೆಯಾದವರಿಗೆ ಇದು ನಿಷಿದ್ಧವೋ ಎಂದರೆ, ಕಲೆಯಿರುವುದೊಂದರಿಂದಲೇ ನಿಷೇಧವು ಸಿದ್ಧಿಸದು. ಅದು ಯಾವ ನಾಳವನ್ನು ಕಡಿದಿದೆಯೆಂಬುದೇ ವಿಚಾರಣೀಯವು. ಪ್ರಸವಾರ್ಥವಾಗಿ ಕಿಬ್ಬೊಟ್ಟೆಯನ್ನು ಅಡ್ಡಲಾಗಿ ಕೊಯ್ದಲ್ಲಿ ಆಳದ ನಾಳಗಳು ಸಾಮಾನ್ಯವಾಗಿ ಉಳಿದಿರುತ್ತವೆ. ನಡುವಣ ಉದ್ದಕಲೆಯು ಒಂದು ಪಾರ್ಶ್ವದ ರಕ್ತವನ್ನು ಮತ್ತೊಂದಕ್ಕೆ ದಾಟಗೊಡದು. ಆದುದರಿಂದ ಅರ್ಧಭಾಗವನ್ನೇ ನೆಚ್ಚಬೇಕು, ಇಲ್ಲವೆ ಎರಡು ಕಡೆಯ ನಾಳಗಳನ್ನೂ ಜೋಡಿಸಬೇಕು. ಪಿತ್ತಕೋಶಕ್ಕಾಗಿ ಪಕ್ಕೆಲುಬಿನ ಕೆಳಗೆ ಕೊಯ್ದಿದ್ದರೆ ಮೇಲಣ ನಾಳವು ಛಿನ್ನವಾಗಿರಬಹುದು; ಆಗ ಆ ಪಾರ್ಶ್ವದಲ್ಲಿ ಮೊದಲನೆಯ ಕ್ರಮವು ಅಪಾಯಕರವಾದರೂ ಎರಡನೆಯದಕ್ಕೆ ಅವಕಾಶವುಂಟು.

ಸಿ.ಟಿ. ಯಂತ್ರದಿಂದ ನಾಳಗಳ ಚಿತ್ರವನ್ನು ಮುಂಚೆಯೇ ತೆಗೆದು ನೋಡಬಹುದಾದುದರಿಂದ, ಕಲೆಯನ್ನು ಕಂಡೊಡನೆ ಇಲ್ಲವೆನ್ನುವುದು ಯುಕ್ತವಲ್ಲ. ಮೊದಲು ಮೂಲವನ್ನು ಪರೀಕ್ಷಿಸತಕ್ಕುದು.