ತರಬೇತುದಾರರಿಲ್ಲದ ತಂಡ

ಮುಂಡರಗಿಯಿಂದ ಗದಗ-ಬೆಟಗೇರಿಗೆ ಬಾಸ್ಕೆಟ್‌ಬಾಲ್ ಪಂದ್ಯವಾಡಲು ಬಂದ ತಂಡವೊಂದನ್ನು ಶ್ರೋತೃಗಳು ಊಹಿಸಿಕೊಳ್ಳಬೇಕು. ಆಟದ ನಡುವೆ ಮುಖ್ಯ ತರಬೇತುದಾರರು ಅಸ್ವಸ್ಥರಾದರು. ಇಲ್ಲವೆ ಅನುಚಿತ ವರ್ತನೆಗಾಗಿ ನಿರ್ಣಾಯಕರು ಅವರನ್ನು ಹೊರಗೆ ಕಳುಹಿಸಿದರು. ಇನ್ನು ತಂಡವನ್ನು ನಡೆಸತಕ್ಕವರಾರು?

ಅಂತರರಾಷ್ಟ್ರೀಯ ಸಂಸ್ಥೆಯಾದ ಫೀಬಾದ ನಿಯಮಗಳು ಈ ಪ್ರಶ್ನೆಯನ್ನು ಮೊದಲೇ ಬಗೆಹರಿಸಿವೆ. ಪಂದ್ಯಕ್ಕೆ 40 ನಿಮಿಷ ಮುಂಚೆಯೇ ಆಟಗಾರರು, ನಾಯಕ, ಮುಖ್ಯ ತರಬೇತುದಾರ, ಪ್ರಥಮ ಸಹಾಯಕ, ಇವರೆಲ್ಲರ ಹೆಸರುಗಳು ಅಂಕಲೇಖಕರ ಕೈಸೇರತಕ್ಕದ್ದು. ಮುಖ್ಯ ತರಬೇತುದಾರರು ಇರುವವರೆಗೆ ಪ್ರಥಮ ಸಹಾಯಕರು ತಂಡಕ್ಕಾಗಿ ವಿರಾಮವನ್ನು ಕೇಳಬಹುದು; ನಿರ್ಣಾಯಕರೊಡನೆ ಮಾತನಾಡುವಂತಿಲ್ಲ. ಇಬ್ಬರೂ ಒಮ್ಮೆಗೇ ಎದ್ದು ನಿಲ್ಲುವಂತೆಯೂ ಇಲ್ಲ. ಮುಖ್ಯರು ಮುಂದುವರಿಯಲಾರದಾದರೆ ಆ ಸ್ಥಾನವು ಪ್ರಥಮ ಸಹಾಯಕರದು. ಅವರೂ ಇಲ್ಲದಿದ್ದಲ್ಲಿ ನಾಯಕನೇ ಆಡುತ್ತ ಆ ಹೊಣೆಯನ್ನು ಹೊರುತ್ತಾನೆ. ಬದಲಿ ಆಟಗಾರನಿಗೆ ಎಡೆಗೊಟ್ಟು ಅಂಗಳದಿಂದ ಹೊರಬಂದರೂ ಅವನ ಅಧಿಕಾರವು ತಪ್ಪದು. ಅವನು ಅನರ್ಹನಾದರೆ ಅಥವಾ ಗಾಯಗೊಂಡು ಅಶಕ್ತನಾದರೆ, ಅವನ ಬದಲು ನಾಯಕನಾದವನಿಗೆ ಎರಡು ಹೊಣೆಗಳೂ ಬರುತ್ತವೆ.

ಹೀಗೆ ಆ ಸ್ಥಾನವು ಎಂದಿಗೂ ಬರಿದಾಗುವುದಿಲ್ಲ. ಹತ್ತು ಬಾಯಿಗಳ ವಾದಕ್ಕೂ ಎಡೆಯಿಲ್ಲ. ಲಕ್ಷ್ಮೇಶ್ವರದಿಂದಲೋ ಶಿರಹಟ್ಟಿಯಿಂದಲೋ ಒಬ್ಬರೇ ಉಪಾಧ್ಯಾಯರೊಡನೆ ಹೊರಡುವ ತಂಡವು ನಾಯಕನನ್ನು ಆರಿಸುವಾಗ ಇದನ್ನು ನೆನೆಯಬೇಕು. ಚೆಂಡನ್ನು ಬುಟ್ಟಿಗೆ ಹಾಕುವ ಕೌಶಲ್ಯವೊಂದೇ ಅವನಿಗೆ ಸಾಲದು; ವಿರಾಮವನ್ನು ಯಾವಾಗ ಕೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬ ವಿವೇಕವೂ ಬೇಕೆಂದು ನಾವು ಹೇಳುತ್ತೇವೆ.