ಕ್ರಿಯಾಟಿನಿನ್ ವರದಿ: ಗಾಬರಿಯೂ ಬೇಡ, ನಿರ್ಲಕ್ಷ್ಯವೂ ಬೇಡ

ಕೊಲ್ಲಿಯಲ್ಲಿ ದುಡಿಯುವ ಪತಿಯ ರಕ್ತ ಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ 97 ಎಂದಿದೆ. ಊರಿನಲ್ಲಿರುವ ಅತ್ತೆಯ ವರದಿಯಲ್ಲಿ 1.2 ಎಂದಿದೆ. ಎರಡನ್ನೂ ಹೋಲಿಸಿ ನೋಡಿದರೆ ಯಾರೂ ಹೌಹಾರಬಹುದು. ಆದರೆ ಇಲ್ಲಿ ಹೆಚ್ಚು ಗಮನ ಬೇಕಾಗಿರುವುದು ಪತಿಯ 97ಕ್ಕಲ್ಲ, ಅತ್ತೆಯ 1.2ಕ್ಕೆ!

ಏನಿದು ಕ್ರಿಯಾಟಿನಿನ್?

ನಮ್ಮ ಸ್ನಾಯುಗಳಲ್ಲಿ ದಿನವೂ ಉತ್ಪತ್ತಿಯಾಗುವ ಒಂದು ತ್ಯಾಜ್ಯವಿದು. ಕಿಡ್ನಿಗಳು ಇದನ್ನು ಸೋಸಿ ಮೂತ್ರದ ಮೂಲಕ ಹೊರಹಾಕುತ್ತವೆ. ಕಿಡ್ನಿಯ ಶಕ್ತಿ ಕುಂದಿದಾಗ ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ.

88.4 ನೆನಪಿರಲಿ

ನಮ್ಮಲ್ಲಿನ ಲ್ಯಾಬ್‌ಗಳು ಇದನ್ನು ಎಂಜಿ/ಡಿಎಲ್ ಲೆಕ್ಕದಲ್ಲಿ ಬರೆಯುತ್ತವೆ. ಕೊಲ್ಲಿಯ ಅನೇಕ ಆಸ್ಪತ್ರೆಗಳು ಬರೆಯುವುದು ಮೈಕ್ರೋಮೋಲ್/ಲೀಟರ್ ಲೆಕ್ಕದಲ್ಲಿ. ಅಲ್ಲಿನ ಸಂಖ್ಯೆಯನ್ನು 88.4ರಿಂದ ಭಾಗಿಸಿದರೆ ಇಲ್ಲಿನ ಲೆಕ್ಕ ಸಿಗುತ್ತದೆ. ಇಲ್ಲಿನದನ್ನು 88.4ರಿಂದ ಗುಣಿಸಿದರೆ ಅಲ್ಲಿನದು. 97ನ್ನು ಭಾಗಿಸಿದಾಗ ಬರುವುದು ಸುಮಾರು 1.1. ಸಾಮಾನ್ಯವಾಗಿ ಪುರುಷರಿಗೆ 0.7ರಿಂದ 1.3, ಮಹಿಳೆಯರಿಗೆ 0.6ರಿಂದ 1.1 ಸರಿಯಾದ ಮಟ್ಟ. ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ವ್ಯತ್ಯಾಸವಿರುತ್ತದೆ.

ಮಹಿಳೆಯರು ಗಮನಿಸಿ

ಮಹಿಳೆಯರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಸ್ನಾಯು ಕಡಿಮೆ. ಆದ್ದರಿಂದ ಕ್ರಿಯಾಟಿನಿನ್ ಸ್ವಲ್ಪವೇ ಏರಿದ್ದರೂ ಕಿಡ್ನಿ ಸಾಕಷ್ಟು ಸೊರಗಿರಬಹುದು. ಹಾಗಾಗಿ ವೈದ್ಯರು ವಯಸ್ಸು ಮತ್ತು ಲಿಂಗವನ್ನು ಸೇರಿಸಿ ‘ಇ-ಜಿಎಫ್‌ಆರ್’ ಎಂಬ ಅಂದಾಜು ತೆಗೆಯುತ್ತಾರೆ. ಕಿಡ್ನಿಗಳು ಎಷ್ಟು ಚೆನ್ನಾಗಿ ಸೋಸುತ್ತಿವೆ ಎಂಬುದನ್ನು ಇದು ತಿಳಿಸುತ್ತದೆ. 2021ರ ಸೂತ್ರದ ಪ್ರಕಾರ 1.2 ಇರುವ 25ರ ಯುವಕನ ಇ-ಜಿಎಫ್‌ಆರ್ ಸುಮಾರು 86. ಅದೇ 1.2 ಇರುವ 65ರ ಮಹಿಳೆಯದ್ದು ಕೇವಲ 50! ಇದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದು ಪರಿಗಣಿಸಲಾಗುತ್ತದೆ.

ಗರ್ಭಿಣಿಯರಲ್ಲಿ ಕ್ರಿಯಾಟಿನಿನ್ ಸಹಜವಾಗಿಯೇ ಇಳಿಯುತ್ತದೆ. ಬೇರೆಯವರಿಗೆ ಸರಿಯೆನಿಸುವ 1.0 ಗರ್ಭಿಣಿಯಲ್ಲಿ ಕಂಡುಬಂದರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಪರೀಕ್ಷೆಗೆ ಮುನ್ನ

ಹಿಂದಿನ ರಾತ್ರಿ ಮದುವೆಯ ಬಿರಿಯಾನಿ ಉಂಡು ಬೆಳಿಗ್ಗೆ ಪರೀಕ್ಷೆಗೆ ಹೋಗಬೇಡಿ. ಬೇಯಿಸಿದ ಮಾಂಸ ಕ್ರಿಯಾಟಿನಿನ್ ಮಟ್ಟವನ್ನು ತಾತ್ಕಾಲಿಕವಾಗಿ ಏರಿಸುತ್ತದೆ. ವಾಂತಿ-ಭೇದಿಯಿಂದ ದೇಹದ ನೀರಿನಂಶ ಕಡಿಮೆಯಾದಾಗಲೂ ಅದು ಏರಬಹುದು.

ಹೆಚ್ಚು ಬಂದರೆ?

ಒಂದೇ ವರದಿಯಿಂದ ತೀರ್ಮಾನಕ್ಕೆ ಬರದಿರಿ. ವೈದ್ಯರ ಸಲಹೆಯಂತೆ ಮತ್ತೊಮ್ಮೆ ಪರೀಕ್ಷಿಸಿ, ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿದೆಯೇ ಎಂದೂ ನೋಡಿಸಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ಈ ಎರಡೂ ಪರೀಕ್ಷೆ ಮಾಡಿಸಬೇಕು. ಮಂಡಿನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಕಿಡ್ನಿಗೆ ಅಪಾಯಕಾರಿ. ಕಿಡ್ನಿ ಕಾಯಿಲೆಯಿರುವವರು ರಮಝಾನ್ ಉಪವಾಸಕ್ಕೆ ಮುಂಚೆ ವೈದ್ಯರನ್ನು ಕಾಣಲಿ.

ಕಿಡ್ನಿ ಕಾಯಿಲೆ ಆರಂಭದಲ್ಲಿ ನೋವು ಕೊಡುವುದಿಲ್ಲ. ಆದುದರಿಂದ ಹಳೆಯ ವರದಿಗಳನ್ನು ಎಸೆಯದೆ ದಿನಾಂಕದ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿಡಿ. ಕಳೆದ ವರ್ಷ 0.8 ಇದ್ದದ್ದು ಈ ವರ್ಷ 1.1 ಆಗಿದ್ದರೆ, ಅದು ಸಾಮಾನ್ಯ ಮಟ್ಟದೊಳಗೇ ಇದ್ದರೂ ವೈದ್ಯರಲ್ಲಿ ಕೇಳಲೇಬೇಕಾದ ವಿಷಯ.